ಕಾಮಗಾರಿ ಛಾಯಾಚಿತ್ರಗಳಿಂದ ಸ್ವಯಂಚಾಲಿತವಾಗಿ ಸ್ಲೈಡ್ ಸಿದ್ಧಪಡಿಸುವ ವಿಧಾನ

ಜಿಯೋ-ಮನರೇಗಾದ ಎರಡನೇ ಹಂತವು 2017ರ ನವೆಂಬರ್ 1ರಂದು ಆರಂಭವಾದ ಬಳಿಕ, ಉದ್ಯೋಗ ಖಾತರಿ ಕಾಮಗಾರಿಗಳನ್ನು ಆರಂಭಕ್ಕೆ ಮುನ್ನ, ಕೆಲಸ ನಡೆಯುವಾಗ ಹಾಗೂ ಪೂರ್ಣಗೊಂಡ ಮೇಲೆ ಚಿತ್ರೀಕರಿಸುವ ಪದ್ಧತಿ ರೂಢಿಗೆ ಬಂದಿತು. 40 ಕಾಮಗಾರಿಗಳಿದ್ದರೆ 120 ಚಿತ್ರಗಳಾಗುತ್ತವೆ. ಗ್ರಾಮಸಭೆಗಾಗಿ ಇವನ್ನು ಒಂದೊಂದಾಗಿ ಸ್ಲೈಡಿಗೆ ಸೇರಿಸುವ ಅವಸರದಲ್ಲಿ ಒಬ್ಬ ರೈತರ ಕೃಷಿ ಹೊಂಡದ ಚಿತ್ರ ಮತ್ತೊಬ್ಬರ ಹೆಸರಿನಡಿ ಬಂದರೆ, ಆ ಹೊಂಡವನ್ನು ದಿನವೂ ಕಾಣುವ ಗ್ರಾಮಸ್ಥರ ಮುಂದೆ ಇಡೀ ಲೆಕ್ಕವೇ ಸಂಶಯಕ್ಕೆ ಒಳಗಾಗುತ್ತದೆ.

ಸರಳ ಮಾರ್ಗ: ಪವರ್‌ಪಾಯಿಂಟ್‌ನ ‘ಇನ್ಸರ್ಟ್’ ಪಟ್ಟಿಯಲ್ಲಿರುವ ‘ಫೋಟೋ ಆಲ್ಬಂ’ ಸೌಲಭ್ಯವು ಆಯ್ದ ಚಿತ್ರಗಳನ್ನೆಲ್ಲ ಒಮ್ಮೆಗೇ ಸ್ಲೈಡುಗಳಿಗೆ ಹಂಚುತ್ತದೆ. ಆದರೆ ಅದು ಪ್ರತಿ ಸ್ಲೈಡಿಗೆ ಒಂದು, ಎರಡು ಅಥವಾ ನಾಲ್ಕು ಚಿತ್ರಗಳನ್ನಷ್ಟೇ ಜೋಡಿಸಬಲ್ಲದು. ಮೂರು ಹಂತಗಳನ್ನು ಒಟ್ಟಿಗೆ ತೋರಿಸಲು ಅದು ಸಾಲದು.

ಪ್ರೋಗ್ರಾಂ ಮಾರ್ಗ: ಪಿಪಿಟಿಎಕ್ಸ್ ಕಡತವು ವಾಸ್ತವದಲ್ಲಿ ಪಠ್ಯ ಮತ್ತು ಚಿತ್ರ ಕಡತಗಳ ಜಿಪ್ ಕಟ್ಟು. ಆದ್ದರಿಂದ ಪವರ್‌ಪಾಯಿಂಟ್ ತೆರೆಯದೆಯೇ, ‘ಪೈಥಾನ್-ಪಿಪಿಟಿಎಕ್ಸ್’ ಎಂಬ ಉಚಿತ ಲೈಬ್ರರಿಯ ನೆರವಿನಿಂದ ಅದನ್ನು ರಚಿಸಬಹುದು. ಕ್ರಮ ಹೀಗಿದೆ:

1. ಚಿತ್ರಗಳಿಗೆ 07_1, 07_2, 07_3 ಎಂದು ಹೆಸರಿಡುವುದು. ಮೊದಲ ಸಂಖ್ಯೆ ಕಾಮಗಾರಿಯದು, ಎರಡನೆಯದು ಹಂತದ್ದು. 7 ಎಂದಷ್ಟೇ ಬರೆದರೆ ಅಕ್ಷರಕ್ರಮದಲ್ಲಿ ಅದು 10ರ ನಂತರ ಬರುತ್ತದೆ.

2. ಕಾಮಗಾರಿ ಸಂಖ್ಯೆ ಹಾಗೂ ಹೆಸರುಗಳ ಪಟ್ಟಿಯನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ, ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸುವುದು. ನುಡಿಯ ಹಳೆಯ ಆಸ್ಕಿ ಅಕ್ಷರಗಳು ಸ್ಲೈಡಿನಲ್ಲಿ ಕಲಸಿಹೋಗುತ್ತವೆ.

3. ಪ್ರೋಗ್ರಾಂ ಪಟ್ಟಿಯನ್ನು ಓದಿ, ಕಾಮಗಾರಿಗೊಂದು ಸ್ಲೈಡ್ ತೆರೆದು, ಮೂರು ಚಿತ್ರಗಳನ್ನು ಅಕ್ಕಪಕ್ಕ ಇರಿಸುತ್ತದೆ. 13.33 ಇಂಚಿನ ಅಗಲ ಸ್ಲೈಡಿನಲ್ಲಿ ತಲಾ 4 ಇಂಚಿನ ಮೂರು ಚಿತ್ರಗಳು ಹಿಡಿಸುತ್ತವೆ. ಅಗಲವನ್ನು ಮಾತ್ರ ಸೂಚಿಸಿದರೆ ಎತ್ತರವು ಅದೇ ಅನುಪಾತದಲ್ಲಿ ನಿಗದಿಯಾಗುವುದರಿಂದ ಚಿತ್ರ ಹಿಗ್ಗುವುದಿಲ್ಲ.

4. ಯಾವುದೇ ಹಂತದ ಚಿತ್ರ ದೊರೆಯದಿದ್ದರೆ ಆ ಸ್ಥಳದಲ್ಲಿ ‘ಛಾಯಾಚಿತ್ರ ಲಭ್ಯವಿಲ್ಲ’ ಎಂದು ಮುದ್ರಿಸುವಂತೆ ಸೂಚನೆ ಬರೆಯುವುದು. ಬೇರೆ ಚಿತ್ರವನ್ನು ತುಂಬಿಸಬಾರದು.

ಮೊಬೈಲಿನ ಚಿತ್ರಗಳು ಕೆಲವೊಮ್ಮೆ ಅಡ್ಡಲಾಗಿ ಕಾಣುತ್ತವೆ. ಚಿತ್ರದೊಳಗಿನ ದಿಕ್ಕಿನ ಸೂಚನೆಯನ್ನು ಈ ಲೈಬ್ರರಿ ಪಾಲಿಸದಿರುವುದೇ ಕಾರಣ. ಅಂಥವನ್ನು ಮೊದಲೇ ತಿರುಗಿಸಿ ಉಳಿಸಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಸ್ಥಳ ಮತ್ತು ಸಮಯದ ಮಾಹಿತಿ ಅಳಿದುಹೋಗುವುದರಿಂದ ಮೂಲ ಕಡತವನ್ನೇ ಪಡೆದು ಪ್ರತ್ಯೇಕವಾಗಿ ಸಂರಕ್ಷಿಸಬೇಕು.

ಪ್ರೋಗ್ರಾಂ ಕಡತದ ಹೆಸರನ್ನು ಬಲ್ಲದೇ ಹೊರತು ಹೊಂಡವನ್ನಲ್ಲ. ಆದುದರಿಂದ ಹೆಸರಿಡುವ ಕೆಲಸವನ್ನು ಸ್ಥಳವನ್ನು ಕಂಡ ಸಿಬ್ಬಂದಿಯೇ ಮಾಡುವುದು ಮತ್ತು ಸಭೆಗೆ ಮುನ್ನ ಪ್ರತಿ ಸ್ಲೈಡನ್ನೂ ಕಾಮಗಾರಿ ಕಡತದೊಂದಿಗೆ ತಾಳೆ ನೋಡುವುದು ಅಗತ್ಯ.