ಹುಳಿಮಣ್ಣಿನ ನಾಡಿ ಗದ್ದೆಯಲ್ಲೇ

ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿ ತಟ್ಟೆ ಕೆಂಪಾಗುತ್ತದೆ. ಕ್ಷಾರವನ್ನು ಬಣ್ಣದಲ್ಲಿ ಕಾಣುವ ಈ ವಿದ್ಯೆ ನಮ್ಮ ಮನೆಗಳಲ್ಲಿ ಹಳೆಯದು. ಆದರೆ ಅರಿಸಿನ ಹುಳಿಯನ್ನು ಹೇಳದು, ಹಳದಿಯಾಗಿಯೇ ಉಳಿಯುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ತೊಂದರೆಯೋ, ಹುಳಿಯದೇ.

ಆ ಹುಳಿಯನ್ನು ಮೊದಲು ತೋರಿಸಿಕೊಟ್ಟದ್ದು ಗಿಡಗಳು. ಅಮೆರಿಕದ ವರ್ಜೀನಿಯಾದಲ್ಲಿ ಎಡ್ಮಂಡ್ ರಫಿನ್ ಎಂಬ ಜಮೀನ್ದಾರ, ಪೈನ್ ಮರವೂ ಹುಳಿಸೊಪ್ಪಿನ ಕಳೆಯೂ ಹಬ್ಬುವ ಬಡ ನೆಲದಲ್ಲಿ ಸುಣ್ಣದಂಶವೇ ಇಲ್ಲವೆಂದು ಗಮನಿಸಿದ. 1818ರಲ್ಲಿ ಚಿಪ್ಪು ತುಂಬಿದ ಸುಣ್ಣಮಣ್ಣನ್ನು ಹೊಲಕ್ಕೆ ಹಾಕಿಸಿದಾಗ ಮೆಕ್ಕೆಜೋಳದ ಇಳುವರಿ ಏರಿತು. 1832ರಲ್ಲಿ ಅದನ್ನೇ ಪುಸ್ತಕವಾಗಿಸಿದ. ಆ ಮಣ್ಣನ್ನು ಅಗೆದು ಹೊತ್ತವರು ಅವನ ಗುಲಾಮರು ಎಂಬುದನ್ನೂ ಇಲ್ಲೇ ಹೇಳಬೇಕು.

ಮುಂದೆ ರೈತರ ಕೈಗೆ ಲಿಟ್ಮಸ್ ಕಾಗದ ಬಂತು. ಒದ್ದೆ ಮಣ್ಣಿನ ಉಂಡೆ ಕಟ್ಟಿ, ಚಾಕುವಿನಿಂದ ಸೀಳಿ, ನಡುವೆ ನೀಲಿ ಕಾಗದವಿಟ್ಟು ಮತ್ತೆ ಒತ್ತುತ್ತಿದ್ದರು. ಕೆಲವು ನಿಮಿಷ ಬಿಟ್ಟು ಬಿಚ್ಚಿದಾಗ ಕಾಗದ ಕೆಂಪಾಗಿದ್ದರೆ ಮಣ್ಣು ಹುಳಿ. ಎಷ್ಟು ಹುಳಿ? ಅದಕ್ಕೆ ಅಳತೆಗೋಲು ಸಿಕ್ಕಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಪಿಎಚ್ ಮಾನವನ್ನು ಮುಂದಿಟ್ಟಾಗ. ಇದರಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು. 1934ರಲ್ಲಿ ಆರ್ನಲ್ಡ್ ಬೆಕ್‌ಮನ್ ನಿಂಬೆರಸದ ಹುಳಿ ಅಳೆಯಲೆಂದು ಮಾಡಿಕೊಟ್ಟ ಯಂತ್ರವೇ ಪಿಎಚ್ ಮೀಟರ್ ಆಗಿ ಮಣ್ಣಿನ ಪ್ರಯೋಗಾಲಯಕ್ಕೂ ನಡೆದು ಬಂತು.

ಅಲ್ಲಿಂದ ಮಣ್ಣೇ ಪ್ರಯೋಗಾಲಯಕ್ಕೆ ಹೋಗುವ ಪದ್ಧತಿ ಬೆಳೆಯಿತು. ಒಣಗಿಸಿ, ಜರಡಿ ಹಿಡಿದು, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಹೊಲದಿಂದ ಹೊಲಕ್ಕೆ ಹೋಲಿಸಲು ಇದು ಒಳ್ಳೆಯದು. ಭತ್ತದ ಗದ್ದೆಯ ವಿಷಯದಲ್ಲಿ ಮಾತ್ರ ಇದೊಂದನ್ನೇ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ನಿಂತಾಗ ಮಣ್ಣಿನೊಳಗೆ ಆಮ್ಲಜನಕ ಮುಗಿಯುತ್ತದೆ, ಕೆಲವೇ ವಾರಗಳಲ್ಲಿ ಹುಳಿ ಇಳಿದು ಪಿಎಚ್ ಏಳರ ಹತ್ತಿರಕ್ಕೆ ಏರುತ್ತದೆ. ಶ್ರೀಲಂಕಾ ಮೂಲದ ವಿಜ್ಞಾನಿ ಪೊನ್ನಂಪೆರುಮ 1972ರಲ್ಲಿ ಇದನ್ನು ವಿಸ್ತಾರವಾಗಿ ಬರೆದಿಟ್ಟರು. ಒಣಗಿದರೆ ಹುಳಿ ಮರಳುತ್ತದೆ. ಕೇರಳದ ಕುಟ್ಟನಾಡಿನ ‘ಕರಿ’ ಮಣ್ಣಿನದು ಇನ್ನೂ ಕಠಿಣ: ಅದರೊಳಗಿನ ಗಂಧಕದ ಖನಿಜ ಗಾಳಿ ತಾಗಿದೊಡನೆ ಗಂಧಕಾಮ್ಲವಾಗತೊಡಗುತ್ತದೆ. ಚೀಲದಲ್ಲಿ ಒಣಗಿದ ಆ ಮಣ್ಣು ಪೈರಿನ ಬೇರು ಕಂಡ ಮಣ್ಣೇ ಅಲ್ಲ.

ಹಾಗಾಗಿ ಪಿಎಚ್ ಮೀಟರಿನ ಸಲಾಕೆಯನ್ನೇ ನೆಲಕ್ಕೆ ಚುಚ್ಚುವ ಪ್ರಯತ್ನ ನಡೆದಿದೆ. ಸಲಾಕೆಯ ತುದಿಯ ಗಾಜಿನ ಬುರುಡೆ ಕಲ್ಲಿಗೆ ತಾಗಿ ಒಡೆಯುತ್ತದೆ, ಅದಕ್ಕೇ ಗಟ್ಟಿಯಾದ ಆಂಟಿಮನಿ ಲೋಹದ ತುದಿ ಬಂತು. ಈಗ ಟ್ರ್ಯಾಕ್ಟರ್ ಹಿಂದೆ ಕಟ್ಟಿ, ಹೊಲ ಸುತ್ತುತ್ತಲೇ ಅಳೆಯುವ ಯಂತ್ರಗಳೂ ಇವೆ. ಬ್ಯಾಟರಿಯಿಲ್ಲದ ಅಗ್ಗದ ಕಡ್ಡಿಗಳ ಮುಳ್ಳು ತೇವಕ್ಕೂ ಅಲುಗಾಡುತ್ತದೆ, ಅವುಗಳನ್ನು ನೆಚ್ಚಿಕೊಳ್ಳಬೇಡಿ.

ಗದ್ದೆಗೆ ಸುಣ್ಣ ಚೆಲ್ಲುವ ಮುನ್ನ ಎರಡು ಸಲ ಅಳೆಸಿ: ಬೇಸಿಗೆಯಲ್ಲಿ ಒಣಗಿದ್ದಾಗ ಒಮ್ಮೆ, ನಾಟಿಯಾಗಿ ತಿಂಗಳಾದ ಮೇಲೆ ಕೆಸರಲ್ಲೇ ಇನ್ನೊಮ್ಮೆ.