ಸೂತಕದ ಕಲ್ಪನೆ ಮತ್ತು ಶರಣರ ನಿಲುವು

'ಸೂತಕ' ಎಂಬುದು ಹೆರಿಗೆಯ ಅರ್ಥವುಳ್ಳ 'ಸೂ' ಧಾತುವಿನಿಂದ ಬಂದ ಶಬ್ದ. ಹುಟ್ಟಿನಿಂದ ಮನೆಯವರಿಗೆ ಒದಗುವುದೆಂದು ನಂಬಲಾದ ಮೈಲಿಗೆಯ ಈ ಹೆಸರು ಸಾವಿನ ಮೈಲಿಗೆಗೂ ಹಬ್ಬಿತು. ವೀರಶೈವ ಗ್ರಂಥಗಳು ಐದು ಸೂತಕಗಳನ್ನು ಎಣಿಸುತ್ತವೆ: ಜನನ, ಮರಣ, ರಜಸ್ಸು, ಉಚ್ಛಿಷ್ಟ ಮತ್ತು ಜಾತಿ. ಲಿಂಗವಂತನಿಗೆ ಈ ಐದೂ ಇಲ್ಲವೆಂದು ಸಾರುವುದಕ್ಕಾಗಿಯೇ ಅವನ್ನು ಎಣಿಸಲಾಗಿದೆ.

ಶರಣರ ತರ್ಕ ಸರಳವಾದುದು. ಇಷ್ಟಲಿಂಗವು ಕ್ಷಣಮಾತ್ರವೂ ಅಂಗವನ್ನು ಅಗಲಲಾಗದು. ತಿಂಗಳಿಗೆ ಕೆಲವು ದಿನ ಹೆಣ್ಣಿನ ಅಂಗ ಅಶುದ್ಧವೆನ್ನುವುದಾದರೆ ಆ ದಿನಗಳಲ್ಲಿ ಲಿಂಗವನ್ನು ಎಲ್ಲಿಡಬೇಕು? ಧಾರಣೆ ನಿತ್ಯವಾದರೆ ಮೈಲಿಗೆಗೆ ಎಡೆಯಿಲ್ಲ. ಮೈಲಿಗೆ ನಿಜವಾದರೆ ಧಾರಣೆ ಸುಳ್ಳು. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರು ವಚನಕಾರ್ತಿಯರಾದುದಕ್ಕೂ ಈ ನಿಲುವಿಗೂ ಸಂಬಂಧವಿದೆ.

ಆದರೆ ನಿತ್ಯದ ನಡೆಯನ್ನು ನೋಡಿದರೆ, ಗ್ರಂಥದಲ್ಲಿ ಅಳಿದ ಸೂತಕ ಮನೆಯಲ್ಲಿ ಉಳಿದಿದೆ. ನಮ್ಮ ಮಾತೇ ಇದಕ್ಕೆ ಸಾಕ್ಷಿ. ಹೆಣ್ಣುಮಗಳು ಮುಟ್ಟಾದಳೆನ್ನಲು 'ಹೊರಗಾದಳು' ಎನ್ನುತ್ತೇವೆ. ಅವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ಹೂವಿನ ಗಿಡ ಬಾಡುತ್ತದೆ ಎಂಬ ಮಾತುಗಳನ್ನು ಕೇಳದ ಊರು ವಿರಳ. ಹೀಗೆ ಬೆಳೆದ ಬಾಲಕಿ ತನ್ನ ದೇಹವನ್ನೇ ದೋಷವೆಂದು ಬಗೆಯುತ್ತಾಳೆ. ಮುಟ್ಟಿನ ದಿನಗಳಲ್ಲಿ ಕಾರಣ ಹೇಳಲಾರದೆ ಶಾಲೆಗೆ ಗೈರುಹಾಜರಾಗುವ ಹುಡುಗಿಯರನ್ನು ಪಾಠ ಹೇಳಿದವರೆಲ್ಲ ಬಲ್ಲರು. ಗರ್ಭಾಶಯದ ಒಳಪದರವು ಮಾಸಿಕವಾಗಿ ಕಳಚಿ ಹೊರಬರುವುದೇ ಮುಟ್ಟು. ಶಿಶುವಿಗೆ ಆಶ್ರಯವಾಗಲೆಂದು ಸಿದ್ಧವಾದ ಪದರ ಅದು. ಅದರಲ್ಲಿ ಹೊಲಸೇನೂ ಇಲ್ಲ.

ಈ ನಂಬಿಕೆ ಕೇವಲ ಮನಸ್ಸನ್ನು ನೋಯಿಸಿ ನಿಲ್ಲುವುದಿಲ್ಲ. ತುಮಕೂರು, ಚಿತ್ರದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿಯುಂಟು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ತಾಯಿಯೊಡನೆ ಹೊರಗಿರಿಸಿದ್ದ ಹಸುಳೆಯೊಂದು ಶೀತಕ್ಕೆ ತುತ್ತಾಗಿ ಮರಣಹೊಂದಿತು. ನವಜಾತ ಶಿಶುವಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಸಾಲದು. ಬೆಚ್ಚನೆಯ ಮನೆ ಅದಕ್ಕೆ ಔಷಧಕ್ಕಿಂತ ಮಿಗಿಲು. ಆ ಮನೆಯ ಬಾಗಿಲನ್ನೇ ಸೂತಕ ಮುಚ್ಚಿತು.

ಮುಟ್ಟಾದ ಸ್ತ್ರೀಯರನ್ನು ಬಲವಂತದಿಂದ ಪ್ರತ್ಯೇಕಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರದ ಪ್ರತಿಬಂಧ ಕಾಯಿದೆ ನಿಷೇಧಿಸಿದೆ. ಅದು 2020ರಲ್ಲಿ ಜಾರಿಗೆ ಬಂದಿತು. ಮೇಲೆ ಹೇಳಿದ ಶಿಶು ಸತ್ತದ್ದು ಆ ಬಳಿಕ. ಹಟ್ಟಿಯವರು ಮಕ್ಕಳ ಮೇಲೆ ಮಮತೆ ಇಲ್ಲದವರೇನಲ್ಲ. ಸೂತಕ ಒಳಗೆ ಬಂದರೆ ದೈವ ಮುನಿದೀತು, ಊರಿಗೆ ಕೇಡಾದೀತು ಎಂಬ ಅಂಜಿಕೆ ಮಮತೆಗಿಂತ ಬಲವಾಯಿತು. ಅಂಜಿಕೆಯನ್ನು ದಂಡನೆಯೊಂದರಿಂದಲೇ ಕಳೆಯಲಾಗದು, ಅರಿವೂ ಬೇಕು.

ಹೆಣ್ಣಿಗೆ ವಿಶ್ರಾಂತಿ ದೊರೆಯಲೆಂದು ಹಿರಿಯರು ಈ ಕಟ್ಟಳೆ ಮಾಡಿದರೆಂದು ಕೆಲವರು ಸಮರ್ಥಿಸುವರು. ವಿಶ್ರಾಂತಿಯೇ ಉದ್ದೇಶವಾದರೆ ಮನೆಯೊಳಗೆ ಹಾಸಿಗೆ ಹಾಸಿಕೊಡಬಹುದಲ್ಲವೆ? ಅವಳು ಬಳಸಿದ ತಟ್ಟೆಯನ್ನು ಬೇರೆ ಇಡುವುದೇಕೆ?

ಗೊಲ್ಲರಹಟ್ಟಿಯ ಗುಡಿಸಲನ್ನು ಖಂಡಿಸುವುದು ಸುಲಭ. ಕೊರಳಲ್ಲಿ ಲಿಂಗ ಧರಿಸಿದ ನಾವು, ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಸೊಸೆ ಮಗಳಂದಿರನ್ನು ತಡೆಯುತ್ತಿರುವೆವೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.