ಮ್ಯಾಕರೋನಿ ಮತ್ತು ಚೀಸಿನ ಪಾಕ

ಹದಿನಾರನೆಯ ಶತಮಾನದ ಆರಂಭದಲ್ಲಿ ಇಟಲಿಯ ತೆಯೋಫಿಲೊ ಫೊಲೆಂಗೊ ಎಂಬ ಸಂನ್ಯಾಸಿ ಕವಿ ಲ್ಯಾಟಿನ್ ವ್ಯಾಕರಣದ ಅಚ್ಚಿಗೆ ಆಡುಮಾತಿನ ಇಟಾಲಿಯನ್ ಪದಗಳನ್ನು ಎರಕ ಹೊಯ್ದು ಹಾಸ್ಯಕಾವ್ಯಗಳನ್ನು ರಚಿಸಿದನು. ಈ ಬಗೆಯ ಮಿಶ್ರಭಾಷೆಯ ಕಾವ್ಯಕ್ಕೆ ‘ಮ್ಯಾಕರೋನಿಕ್’ ಎಂದು ಹೆಸರು. ಆ ಹೆಸರಿಗೆ ಅವನೇ ಕಾರಣವನ್ನೂ ಕೊಟ್ಟಿದ್ದಾನೆ: ಮ್ಯಾಕರೋನಿ ಎಂಬುದು ಹಿಟ್ಟು, ಚೀಸ್ ಮತ್ತು ಬೆಣ್ಣೆಗಳನ್ನು ಕೂಡಿಸಿ ಮಾಡಿದ ಒರಟಾದ ಹಳ್ಳಿಯ ತಿನಿಸು, ತನ್ನ ಕಾವ್ಯವೂ ಅಂಥದೇ. ಎರಡು ಭಾಷೆಗಳು ಬೆರೆತ ರಚನೆಯನ್ನು ನಮ್ಮವರು ಮಣಿಪ್ರವಾಳವೆಂದು ಕರೆದು ಆಭರಣದ ಪೆಟ್ಟಿಗೆಯಿಂದ ಹೋಲಿಕೆಯನ್ನು ತಂದರು. ಇಟಲಿಯವನು ಅಡುಗೆಮನೆಯಿಂದ ತಂದನು. ಯಾವುದು ಹೆಚ್ಚು ರಸಿಕತನವೆಂಬುದನ್ನು ಶ್ರೋತೃಗಳೇ ನಿರ್ಣಯಿಸಬಹುದು.

ಹಿಟ್ಟು, ಚೀಸ್, ಬೆಣ್ಣೆ ಈ ಮೂರಕ್ಕೆ ಹಾಲನ್ನು ಸೇರಿಸಿಬಿಟ್ಟರೆ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮನೆಮಾತಾಗಿರುವ ‘ಮ್ಯಾಕರೋನಿ ಅಂಡ್ ಚೀಸ್’ ಸಿದ್ಧವಾಗುತ್ತದೆಂದು ತೋರುವುದು ಸಹಜ. ಆದರೆ ಕುದಿಯುವ ಹಾಲಿಗೆ ಚೀಸನ್ನು ತುರಿದು ಸುರಿದವರಿಗೆ ದೊರೆಯುವುದು ಪಾಕವಲ್ಲ. ಮೇಲೆ ತೇಲುವ ಜಿಡ್ಡು, ತಳದಲ್ಲಿ ರಬ್ಬರಿನಂತಹ ಮುದ್ದೆ, ನಡುವೆ ತೆಳ್ಳನೆಯ ನೀರು. ಹಾಲಿನ ವಿಷಯದಲ್ಲಿ ನಾವು ಬಳಸುವ ‘ಒಡೆಯುವುದು’ ಎಂಬ ಕ್ರಿಯಾಪದ ಇಲ್ಲಿಗೂ ಸಲ್ಲುತ್ತದೆ. ಈ ಒಡಕನ್ನು ತಡೆಯುವುದೇ ಈ ಅಡುಗೆಯ ವಿದ್ಯೆ, ಉಳಿದುದೆಲ್ಲ ಕೈಕೆಲಸ.

ಒಡೆಯುವುದೇಕೆಂದು ತಿಳಿಯಬೇಕಾದರೆ ಚೀಸಿನ ಒಳರಚನೆಯನ್ನು ನೋಡಬೇಕು. (ನಮ್ಮ ನಿಘಂಟುಗಳಲ್ಲಿ ಚೀಸಿಗೆ ಗಿಣ್ಣು ಎಂದು ಅರ್ಥ ಕೊಡುವುದುಂಟು. ಈದ ಹಸುವಿನ ಮೊದಲ ಹಾಲಿನಿಂದ ಮಾಡುವ ಗಿಣ್ಣಿಗೂ, ತಿಂಗಳುಗಟ್ಟಲೆ ಮಾಗಿಸಿದ ಚೆಡ್ಡರ್ ಚೀಸಿಗೂ ಬಹುದೂರ. ಆದ್ದರಿಂದ ನಾನು ಚೀಸ್ ಎಂದೇ ಹೇಳುತ್ತೇನೆ.) ಹಾಲಿನಲ್ಲಿರುವ ಕೇಸಿನ್ ಎಂಬ ಸಸಾರಜನಕವು ಕ್ಯಾಲ್ಸಿಯಂನ ಬಂಧನದಿಂದ ಬಲೆಯಂತೆ ಹೆಣೆದುಕೊಂಡು, ಕೊಬ್ಬಿನ ಕಣಗಳನ್ನೂ ನೀರನ್ನೂ ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಕಾವು ತಾಗಿದಾಗ ಮೊದಲು ಕೊಬ್ಬು ಕರಗುತ್ತದೆ, ಅನಂತರ ಬಲೆ ಸಡಿಲಗೊಳ್ಳುತ್ತದೆ. ನಾವು ಬಯಸುವ ಹದ ಅದೇ. ಕಾವು ಮಿತಿಮೀರಿದರೆ ಸಡಿಲವಾದ ಎಳೆಗಳು ಒಂದಕ್ಕೊಂದು ಅಂಟಿ ಬಿಗಿದುಕೊಂಡು, ಒದ್ದೆ ಬಟ್ಟೆಯನ್ನು ಹಿಂಡಿದಂತೆ ಕೊಬ್ಬನ್ನೂ ನೀರನ್ನೂ ಹೊರದೂಡುತ್ತವೆ. ನಿಂಬೆಹುಳಿ ಹಿಂಡಿ ಮಾಡಿದ ಪನೀರು ಎಷ್ಟು ಕಾಯಿಸಿದರೂ ಕರಗದು. ಹುಳಿಯು ಕ್ಯಾಲ್ಸಿಯಂನ ಬಂಧವನ್ನು ಕಳಚಿಬಿಟ್ಟಿರುವುದರಿಂದ ಅದರ ಕೇಸಿನ್ ಕಾವಿಗೆ ಸಡಿಲವಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಈ ಪಾಕಕ್ಕೆ ಪನೀರು ಬದಲಿಯಾಗಲಾರದು.

ಒಡಕಿಗೆ ಮದ್ದು ಹಿಟ್ಟಿನಲ್ಲಿದೆ. ಇದು ನಮ್ಮ ಗೃಹಿಣಿಯರಿಗೆ ಹೊಸ ಸಂಗತಿಯೇನೂ ಅಲ್ಲ. ಮಜ್ಜಿಗೆ ಹುಳಿಗೆ ಕಡಲೆಬೇಳೆಯನ್ನು ನೆನೆಸಿ ರುಬ್ಬಿ ಕೂಡಿಸುವುದು ರುಚಿಗಷ್ಟೇ ಅಲ್ಲ. ಕಾದಾಗ ಮಜ್ಜಿಗೆ ಒಡೆಯಬಾರದೆಂಬ ಎಚ್ಚರವೂ ಅದರಲ್ಲಿದೆ. ಹಿಟ್ಟಿನ ಪಿಷ್ಟವು ಬಿಸಿ ದ್ರವದಲ್ಲಿ ಉಬ್ಬಿ, ನೀರನ್ನು ಹೀರಿ, ಸಸಾರಜನಕದ ಎಳೆಗಳ ನಡುವೆ ಹೊಕ್ಕು ಅವು ಗಂಟುಕಟ್ಟದಂತೆ ತಡೆಯುತ್ತದೆ. ಕೊಬ್ಬಿನ ಹನಿಗಳನ್ನೂ ಒಂದುಗೂಡಲು ಬಿಡುವುದಿಲ್ಲ. ಯುರೋಪಿನವರು ಕಡಲೆಬೇಳೆಯ ಬದಲು ಮೈದಾಹಿಟ್ಟನ್ನು ಬಳಸುತ್ತಾರೆ.

ನಾಲ್ವರಿಗೆ 250 ಗ್ರಾಂ ಮ್ಯಾಕರೋನಿ, ಅಷ್ಟೇ ತೂಕದ ಚೀಸ್, ಬೆಣ್ಣೆ ಮತ್ತು ಮೈದಾ ತಲಾ 50 ಗ್ರಾಂ, ಹಾಲು ಮುಕ್ಕಾಲು ಲೀಟರು ಸಾಕು. ಒಳ್ಳೆಯ ಮ್ಯಾಕರೋನಿ ಮೈದಾದ್ದಲ್ಲ, ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯದು. ನಮ್ಮ ಅಂಗಡಿಗಳ ಬನ್ಸಿ ರವೆಯೂ ಆ ಜಾತಿಯ ಗೋಧಿಯದೇ. ಉಪ್ಪು ಹಾಕಿದ ಧಾರಾಳ ನೀರಿನಲ್ಲಿ, ಪೊಟ್ಟಣದ ಮೇಲೆ ಹೇಳಿದ ಹೊತ್ತಿಗಿಂತ ಎರಡು ನಿಮಿಷ ಮೊದಲೇ ಅದನ್ನು ಬಸಿಯಬೇಕು. ಉಳಿದ ಬೇಯುವಿಕೆ ಪಾಕದಲ್ಲಿ ನಡೆಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಬೇಕು. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಬೆಚ್ಚಗಿನ ಹಾಲನ್ನು ಮೊದಲು ಸ್ವಲ್ಪ ಸ್ವಲ್ಪವಾಗಿ, ಗಂಟು ಒಡೆಯುತ್ತ ಬೆರೆಸಿ, ಆಮೇಲೆ ಉಳಿದುದನ್ನು ಹೊಯ್ದು, ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗುವವರೆಗೆ ಕುದಿಸಬೇಕು.

ಇನ್ನು ಮುಂದಿನದು ಮುಖ್ಯವಾದ ಹೆಜ್ಜೆ. ಪಾತ್ರೆಯನ್ನು ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು, ತುರಿದ ಚೀಸನ್ನು ಮೂರು ನಾಲ್ಕು ಸಲಕ್ಕೆ ಸೇರಿಸಬೇಕು. ಚೀಸ್ ಕರಗಲು ಆ ಬಿಸಿಯೇ ಸಾಕು. ಮತ್ತೆ ಕುದಿಸಿದರೆ ಹಿಟ್ಟೂ ಕಾಪಾಡಲಾರದು. ತುರಿದೇ ಮಾರುವ ಚೀಸಿಗೆ ಅಂಟದಿರಲೆಂದು ಪುಡಿ ಸವರಿರುತ್ತಾರೆ; ಅದರಿಂದ ಪಾಕ ತರಿತರಿಯಾಗುವುದರಿಂದ ಇಡಿಯಾದ ಗಡ್ಡೆಯನ್ನು ಕೊಂಡು ತುರಿಯುವುದೇ ಮೇಲು. ಅರ್ಧ ಚಮಚ ಸಾಸಿವೆ ಪುಡಿ, ಸ್ವಲ್ಪ ಮೆಣಸು ಸೇರಿದರೆ ಚೀಸಿನ ರುಚಿ ಎದ್ದು ಬರುತ್ತದೆ. ಬಸಿದ ಮ್ಯಾಕರೋನಿಯನ್ನು ಇದರಲ್ಲಿ ಹೊರಳಿಸಿದರೆ ಒಂದು ಬಗೆಯ ತಿನಿಸು ಸಿದ್ಧ.

ಹಿಟ್ಟಿನ ಈ ಉಪಾಯ ಅಚ್ಚಿನಲ್ಲಿ ಬಂದು ಎರಡೂವರೆ ಶತಮಾನಗಳು ಕಳೆದಿವೆ. ಎಲಿಜಬೆತ್ ರಾಫಲ್ಡ್ ಎಂಬ ಇಂಗ್ಲಿಷ್ ಮಹಿಳೆ 1769ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ಬೆಂದ ಮ್ಯಾಕರೋನಿಗೆ ಕೆನೆಯನ್ನೂ ಹಿಟ್ಟಿನಲ್ಲಿ ಹೊರಳಿಸಿದ ಬೆಣ್ಣೆಯನ್ನೂ ಹಾಕಿ ಕುದಿಸಿ, ಮೇಲೆ ಕಾಯಿಸಿದ ಪಾರ್ಮೆಸಾನ್ ಚೀಸನ್ನು ಹರಡಲು ಹೇಳಿದೆ. ಹೀಗಿದ್ದರೂ ಅಮೆರಿಕದಲ್ಲಿ ಈ ತಿನಿಸಿನ ಕೀರ್ತಿಯನ್ನು ಅಧ್ಯಕ್ಷ ಥಾಮಸ್ ಜೆಫರ್ಸನ್ನನಿಗೆ ಒಪ್ಪಿಸುವ ವಾಡಿಕೆ ಬಹುಕಾಲ ನಡೆದುಬಂದಿತು. 1802ರ ಫೆಬ್ರವರಿಯಲ್ಲಿ ಅವನು ಅಧ್ಯಕ್ಷಭವನದಲ್ಲಿ ಅತಿಥಿಗಳಿಗೆ ಮ್ಯಾಕರೋನಿಯ ಕಡುಬೊಂದನ್ನು ಬಡಿಸಿದ್ದು ನಿಜ. ಉಂಡವರಲ್ಲಿ ಒಬ್ಬರಾದ ಮನಾಸೆ ಕಟ್ಲರ್ ತಮಗೆ ಅದು ರುಚಿಸಲಿಲ್ಲವೆಂದು ಬರೆದಿಟ್ಟಿದ್ದಾರೆ. ಆದರೆ ಬಡಿಸಿದವನು ಬೇರೆ, ಬೇಯಿಸಿದವನು ಬೇರೆ.

ಜೆಫರ್ಸನ್ನನ ಮನೆಯ ಅಡುಗೆಯನ್ನು ಫ್ರೆಂಚ್ ಪದ್ಧತಿಗೆ ತಿರುಗಿಸಿದವನು ಜೇಮ್ಸ್ ಹೆಮಿಂಗ್ಸ್, ಅವನ ಗುಲಾಮ. ಜೆಫರ್ಸನ್ನನ ಹೆಂಡತಿಗೆ ಈತ ತಂದೆಯ ಕಡೆಯಿಂದ ತಮ್ಮನೂ ಆಗಬೇಕು, ಆದರೂ ಗುಲಾಮನೇ. 1784ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಪ್ಯಾರಿಸ್ಸಿಗೆ ಕರೆದೊಯ್ಯಲ್ಪಟ್ಟು, ಅಲ್ಲಿನ ಪಾಕಪ್ರವೀಣರ ಕೈಕೆಳಗೆ ಕಲಿತು, ಫ್ರೆಂಚ್ ಭಾಷೆಗೆ ಪಾಠ ಹೇಳಿಸಿಕೊಂಡು 1789ರಲ್ಲಿ ಹಿಂದಿರುಗಿದನು. ಬಿಡುಗಡೆಯ ಕರಾರಿಗೆ ಜೆಫರ್ಸನ್ ಸಹಿ ಹಾಕಿದ್ದು 1793ರಲ್ಲಿ. ಅದರ ಷರತ್ತು, ತನ್ನ ವಿದ್ಯೆಯನ್ನು ಇನ್ನೊಬ್ಬನಿಗೆ ಕಲಿಸಿಕೊಡಬೇಕೆಂಬುದು. ಹೆಮಿಂಗ್ಸ್ ತನ್ನ ತಮ್ಮ ಪೀಟರನಿಗೆ ಕಲಿಸಿದನು. 1796ರಲ್ಲಿ ಅಣ್ಣ ಬಿಡುಗಡೆ ಹೊಂದಿದನು. ತಮ್ಮ ಗುಲಾಮನಾಗಿಯೇ ಅದೇ ಒಲೆಯ ಮುಂದೆ ನಿಂತನು. ಆ ವರ್ಷ ಹೆಮಿಂಗ್ಸ್ ತನ್ನ ಕೈಯಾರೆ ಬರೆದ ಅಡುಗೆಮನೆಯ ಪಾತ್ರೆಗಳ ಪಟ್ಟಿಯೊಂದು ಈಗಲೂ ಉಳಿದಿದೆ. 1801ರಲ್ಲಿ ಅವನು ತೀರಿಕೊಂಡನು. ಕಟ್ಲರ್ ಅಧ್ಯಕ್ಷಭವನದಲ್ಲಿ ಉಂಡದ್ದು ಅದಾದ ಕೆಲವೇ ತಿಂಗಳಿಗೆ.

ಮುಂದೆ ವಿದ್ಯೆ ಒಲೆಯ ಬುಡದಿಂದ ಕಾರ್ಖಾನೆಗೆ ಹೋಯಿತು. 1911ರಲ್ಲಿ ಸ್ವಿಟ್ಜರ್ಲೆಂಡಿನವರು ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಬೆರೆಸಿ ಒಡೆಯದ ಚೀಸನ್ನು ತಯಾರಿಸಿದರು. ಈ ಲವಣವು ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡಾಗ ಬಿಡಿಯಾದ ಕೇಸಿನ್ ತಾನೇ ಕೊಬ್ಬನ್ನೂ ನೀರನ್ನೂ ಬೆಸೆಯುತ್ತದೆ. 1937ರಲ್ಲಿ ಕ್ರಾಫ್ಟ್ ಸಂಸ್ಥೆ ಮ್ಯಾಕರೋನಿಯನ್ನೂ ಚೀಸಿನ ಪುಡಿಯನ್ನೂ ಒಂದೇ ಡಬ್ಬಿಯಲ್ಲಿ ತುಂಬಿ, ನಾಲ್ವರ ಊಟವೆಂದು 19 ಸೆಂಟಿಗೆ ಮಾರಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅದು ಬಡವರ ಹಸಿವನ್ನು ನೀಗಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದನ್ನೇ ಉಂಡು ಬೆಳೆದವರಿಗೆ ಚೀಸ್ ಎಂದರೆ ಕಿತ್ತಳೆ ಬಣ್ಣದ ಉಪ್ಪೆಂದು ತೋರಿದರೆ ತಪ್ಪಲ್ಲ.

ಅಮೆರಿಕದ ಕರಿಯ ಜನಾಂಗದ ಮನೆಗಳಲ್ಲಿ ಮಾತ್ರ ಇದು ಇಂದಿಗೂ ಹಬ್ಬದ ಅಡುಗೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಇದನ್ನು ಮಾಡುವ ಹೊಣೆಯನ್ನು ಎಲ್ಲರಿಗೂ ವಹಿಸುವುದಿಲ್ಲ. ಮ್ಯಾಕರೋನಿ ಮಾಡಿದವರು ಯಾರೆಂದು ವಿಚಾರಿಸಿಕೊಂಡ ಮೇಲೆಯೇ ತಟ್ಟೆ ಚಾಚುವವರುಂಟು. ಆ ಮನೆಗಳಲ್ಲಿ ಹಾಲಿಗೆ ಮೊಟ್ಟೆಯನ್ನು ಕದಡಿ ಸೇರಿಸುವುದು ಹೆಚ್ಚು. ಬೆಂದ ಮೊಟ್ಟೆ ಪಾಕವನ್ನು ಹಿಡಿದು ನಿಲ್ಲಿಸುವುದರಿಂದ ತುಂಡುತುಂಡಾಗಿ ಕತ್ತರಿಸಿ ಬಡಿಸಬಹುದು. ಮೊಟ್ಟೆ ಒಲ್ಲದವರು ಮೇಲೆ ಹೇಳಿದ ಪಾಕವನ್ನೇ ತುಸು ನೀರಾಗಿ ಇಟ್ಟುಕೊಂಡು, ಅಗಲವಾದ ಪಾತ್ರೆಗೆ ಸುರಿದು, ಇನ್ನಷ್ಟು ಚೀಸನ್ನೂ ಬೆಣ್ಣೆಯಲ್ಲಿ ಕಲಸಿದ ಬ್ರೆಡ್ಡಿನ ಪುಡಿಯನ್ನೂ ಉದುರಿಸಿ, 190 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್ನಿನಲ್ಲಿ ಇಪ್ಪತ್ತೈದು ನಿಮಿಷ ಇಡಬೇಕು. ಅಂಚು ಕೆಂಪಗಾಗಿ, ಪಾಕ ಗುಳ್ಳೆಯೇಳತೊಡಗಿದಾಗ ಹೊರತೆಗೆದು, ಹತ್ತು ನಿಮಿಷ ಹಾಗೆಯೇ ಬಿಟ್ಟು ಬಡಿಸಬೇಕು. ಆ ಹೊತ್ತಿನಲ್ಲಿ ಪಿಷ್ಟ ಗಟ್ಟಿಯಾಗಿ ಪಾಕ ಮ್ಯಾಕರೋನಿಗೆ ಹಿಡಿದುಕೊಳ್ಳುತ್ತದೆ.